ಅರ್ಧಕ್ಕೆ ನಿಲ್ಲುತ್ತಿದ್ದ ಹಾಡು

ಹಾಡು ನಡುವೆಯೇ ಕಡಿದುಹೋಗಿದೆ ಎಂಬುದು ನಮಗೆ ಹತ್ತು ವರ್ಷ ಗೊತ್ತೇ ಆಗಲಿಲ್ಲ.

ತೊಂಬತ್ತರ ದಶಕದಲ್ಲಿ ಶಿರಸಿಯಲ್ಲಿ ನಮ್ಮದೊಂದು ನಾಲ್ಕು ಜನರ ಆರ್ಕೆಸ್ಟ್ರಾ ಇತ್ತು. ನನ್ನದು ಗಿಟಾರು, ದೊಡ್ಮನೆ ಕಡೆಯ ನನ್ನ ಗೆಳೆಯ ಹಾಡುಗಾರ. ಅವನ ಭಾವ ಧಾರವಾಡದ ಹಾಸ್ಟೆಲಿನಿಂದ ಒಂದು ಕ್ಯಾಸೆಟ್ ತುಂಬಿಸಿ ತಂದುಕೊಟ್ಟಿದ್ದ. ಅಮೆರಿಕದ ಯಾವುದೋ ಬ್ಯಾಂಡು. ಅಲ್ಲಿಯ ಹಳ್ಳಿಹಾಡಿಗೆ ಎಲೆಕ್ಟ್ರಿಕ್ ಗಿಟಾರು ಸೇರಿಸಿದಂಥ ಸಂಗೀತ. ಜೊತೆಗಿದ್ದ ಚೀಟಿಯಲ್ಲಿ ಭಾವ ಬ್ಯಾಂಡಿನ ಕಥೆಯನ್ನೂ ಬರೆದಿದ್ದ. ಕಟ್ಟಿದವರಲ್ಲಿ ಒಬ್ಬ ಜಗಳವಾಡಿ ಬಿಟ್ಟ, ಒಬ್ಬ ಸತ್ತ, ಇನ್ನೊಬ್ಬ ಸಾಕಾಗಿ ಮನೆ ಸೇರಿದ. ಪ್ರತಿಸಲವೂ ಹೊಸಬರು ಬಂದರು, ಬ್ಯಾಂಡು ಮಾತ್ರ ಅದೇ ಹೆಸರಿನಲ್ಲಿ ಊರೂರು ತಿರುಗುತ್ತಲೇ ಇದೆ.

ಗೆಳೆಯನಿಗೆ ಹಾಡಿಗಿಂತ ಈ ಕಥೆಯೇ ಹಿಡಿಸಿತು. "ಯಾರು ಬಿಟ್ಟು ಹೋದ್ರೂ ನಿಲ್ಸಲಾಗ. ಆನು ಹೋದ್ರೂ ನಿಲ್ಸಲಾಗ," ಎಂದ. ಯಾರು ಹೋದರೂ, ತಾನೇ ಹೋದರೂ ನಿಲ್ಲಿಸಬಾರದು; ಅದೇ ನಮ್ಮ ಕಾನೂನಾಯಿತು.

ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಕುಳಿತವರು ಶ್ಲೋಕವನ್ನೋ ಹಾಡನ್ನೋ ಹೇಳಬೇಕು. ಮುಗಿದ ಕೂಡಲೇ ಎಲ್ಲರೂ 'ಹರ ಹರ ಮಹಾದೇವ' ಎನ್ನಬೇಕು. ಗೆಳೆಯ ಆ ಕ್ಯಾಸೆಟ್ಟಿನ ಕೊನೆಯ ಹಾಡು ಹೇಳುತ್ತಿದ್ದ, ನಾನು ಬಾಗಿಲ ಪಕ್ಕ ನಿಂತು ಗಿಟಾರು ಬಾರಿಸುತ್ತಿದ್ದೆ. ಟೇಪು ಮುಗಿದಲ್ಲಿ ಹಾಡು ಫಕ್ಕನೆ ನಿಂತಿತ್ತು. ಹಾಗಾಗಿ ನಾವೂ ಅಲ್ಲೇ ಫಕ್ಕನೆ ನಿಲ್ಲಿಸುತ್ತಿದ್ದೆವು. ಉಳಿದದ್ದನ್ನು ಮಹಾದೇವ ನೋಡಿಕೊಳ್ಳುತ್ತಿದ್ದ. ಇಂಗ್ಲಿಷಾದರೇನು, ಅದು ಎಲ್ಲಿ ನಿಲ್ಲುತ್ತದೆಂದು ಹೋಳಿಗೆ ಬಡಿಸುವವರಿಗೂ ಗೊತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಶನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ಅವನದೇ ಕಾನೂನಿನಂತೆ ನಾವು ಹುಲಗೋಳದ ಬ್ಯಾಂಕ್ ನೌಕರನೊಬ್ಬನನ್ನು ಹಾಡಲು ಸೇರಿಸಿಕೊಂಡೆವು. ಗೆಳೆಯನನ್ನು ಒಂದು ಮಾತು ಕೇಳಲಿಲ್ಲ. ಕಾನೂನು ಇದೆಯಲ್ಲ, ಕೇಳುವುದೇನು ಎಂದುಕೊಂಡೆ.

ಯಲ್ಲಾಪುರದ ಒಂದು ಮದುವೆಗೆ ಅವನೂ ನೆಂಟನಾಗಿ ಬಂದಿದ್ದ. ಪಂಕ್ತಿಯಲ್ಲಿ ಕೂತಿದ್ದ, ಮುಂದಿನ ಎಲೆಯಲ್ಲಿ ಬರೀ ಪಾಯಸ. ಹೊಸಬ ನಮ್ಮ ಜೊತೆ ಮೊದಲ ಸಲ ಅದೇ ಹಾಡು ಎತ್ತಿಕೊಂಡ. ಅವನು ಸಿ.ಡಿ. ಕೇಳಿ ಕಲಿತವನು. ಗೆಳೆಯನ ತುಟಿ ಸಾಲಿಗೆ ಸಾಲು ಜೊತೆಯಲ್ಲೇ ಅಲ್ಲಾಡುತ್ತಿತ್ತು. ಆ ಜಾಗ ಬಂತು. ನನ್ನ ಕೈ ನಿಂತಿತು, ಅವನ ತುಟಿ ನಿಂತಿತು, ಪಂಕ್ತಿ 'ಹರ ಹರ' ಎಂದಿತು. ಹೊಸಬ ನಿಲ್ಲಲಿಲ್ಲ. ಇನ್ನೂ ಎರಡು ಚರಣವಿತ್ತು. ಅದು ಮುಗಿಯುವವರೆಗೂ ಗೆಳೆಯ ಎಲೆ ನೋಡುತ್ತ ಕುಳಿತಿದ್ದ.

ಕೈತೊಳೆದು ಬಂದವನು ಚೀಟಿಯಲ್ಲಿ ಬರೆದುಕೊಟ್ಟ: "ಆನು ಇಷ್ಟು ವರ್ಷ ಅರ್ಧನೇ ಹಾಡಿದ್ದಿ."

ದುಃಖವಾಗಬೇಕಿತ್ತು. ಆಗಲಿಲ್ಲ; ಇವತ್ತಿಗೂ ಸರಿಯಾಗಿ ಆಗಿಲ್ಲ. ನಾನು ವೈರು ಸುತ್ತುತ್ತ, "ಊಟ ಆತನ?" ಎಂದು ಕೇಳಿದೆ. ಆಯಿತೆಂದು ತಲೆಯಾಡಿಸಿದ.

ಮಳೆಗಾಲ ಹಿಡಿಯುವ ಮೊದಲೇ ತೀರಿಕೊಂಡ. ಮರುದಿನ ಸಿದ್ದಾಪುರದಲ್ಲಿ ನಮ್ಮ ಕಾರ್ಯಕ್ರಮವಿತ್ತು. ನಿಲ್ಲಿಸಲಿಲ್ಲ.