ಕಾಕಾನ ಕಿವಿಯಲ್ಲಿ ನನ್ನ ದನಿ

ನನ್ನ ಬಾಯಿ ಸ್ವಲ್ಪ ಜೋರು. ಆಂಟಾಪ್ ಹಿಲ್‌ನಲ್ಲಿ ನಾನು ಬೆಳೆದ ಬಿಲ್ಡಿಂಗಿನ ವಾಚ್‌ಮನ್‌ಗೂ ಇದು ಗೊತ್ತಿತ್ತು. ಫುಟ್‌ಬಾಲ್ ರೆಫರಿಗೆ ಇದಕ್ಕಿಂತ ಬೇರೆ ಅರ್ಹತೆ ಬೇಡವೆಂದು ನನ್ನ ಕೈಗೆ ಸೀಟಿ ಕೊಟ್ಟವರು ಪಕ್ಕದ ಮನೆಯ ಕಾಕಾ. ಸ್ವಂತ ಕಾಕಾ ಅಲ್ಲ. ನಾವು ಧಾರವಾಡದವರು, ಅವರು ವಿಜಯಪುರದ ಕಡೆಯವರು. ಒಂದೇ ಮಹಡಿಯಲ್ಲಿ ವರ್ಷಗಟ್ಟಲೆ ಇದ್ದರೆ ಇನ್ನೇನಾಗುತ್ತದೆ, ಕಾಕಾನೇ ಆಗುತ್ತಾರೆ. ವಾರವೆಲ್ಲ ಚೆಂಬೂರಿನ ಕಾರ್ಖಾನೆಯಲ್ಲಿ ಪಾಳಿ ಮಾಡಿ ಭಾನುವಾರ ಮೈದಾನದಲ್ಲಿ ಸೀಟಿ ಊದುತ್ತಿದ್ದರು. ನಮ್ಮಪ್ಪ ಕೂಡ ಅವರೆದುರು ಕಾಲ ಮೇಲೆ ಕಾಲು ಹಾಕಿ ಕೂತವರಲ್ಲ. ಊರಿಗೆಲ್ಲ ಎದುರು ಮಾತಾಡುತ್ತಿದ್ದ ನಾನೂ ಕಾಕಾ ಹೇಳಿದ್ದಕ್ಕೆ ಮಾತ್ರ ಹೂಂ ಅನ್ನುತ್ತಿದ್ದೆ.

ಮೊಣಕಾಲು ಕೈಕೊಟ್ಟ ಮೇಲೆ ನನ್ನ ಓಟ ನಿಂತಿತು. ಆಟದ ಜೊತೆ ಇರಲು ಉಳಿದದ್ದು ಒಂದೇ ದಾರಿ, ವಿಡಿಯೊ ರೆಫರಿಯಾಗುವುದು. ಅದರ ತರಬೇತಿ ಸಾಂತಾಕ್ರೂಜ್‌ನಲ್ಲಿ ನಡೆಯಿತು. ಟೀವಿಯಲ್ಲಿ ನೋಡುವವರಿಗೆ ವಿಡಿಯೊ ರೆಫರಿ ಕೂರುವ ಕೋಣೆ ದೊಡ್ಡ ದರ್ಬಾರಿನಂತೆ ಕಾಣುತ್ತದೆ. ಒಳಗೆ ಕೂತರೆ ಗೊತ್ತಾಗುತ್ತದೆ, ಮುಕ್ಕಾಲು ಪಾಲು ಸುಮ್ಮನಿರುವ ಕೆಲಸ! ತೀರ್ಮಾನವನ್ನು ಮೈದಾನದ ರೆಫರಿಯೇ ಮೊದಲು ಕೊಡಬೇಕು. ಒಳಗಿನವರು ನೋಡಬೇಕಾದದ್ದು ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡು ತೋರಿಸಿದ್ದು, ಇಂಥವನ್ನು ಮಾತ್ರ. ಅಲ್ಲೂ ತಪ್ಪು ಕಣ್ಣಿಗೆ ರಾಚುವಂತಿರಬೇಕು. ಹೀಗೂ ಹೇಳಬಹುದು, ಹಾಗೂ ಹೇಳಬಹುದು ಅನ್ನುವಂಥದ್ದಾದರೆ ಬಾಯಿ ಮುಚ್ಚಿಕೊಂಡಿರಬೇಕು. ಹೇಳುವುದಿದ್ದರೆ ಆಟ ಮತ್ತೆ ಶುರುವಾಗುವ ಮುಂಚೆಯೇ ಹೇಳಬೇಕು. ಚೆಂಡು ಇನ್ನೊಮ್ಮೆ ಉರುಳಿತೋ, ಹೋದ ಪೆನಾಲ್ಟಿಯನ್ನು ದೇವರು ಬಂದರೂ ಕೊಡಲಾರ.

ಮೊದಲ ಪರೀಕ್ಷೆಯಲ್ಲಿ ನಾನು ಫೇಲಾದೆ. ಯಾಕೆಂದರೆ, ಕಂಡದ್ದಕ್ಕೆಲ್ಲ ಬಾಯಿ ಹಾಕಿದ್ದೆ. ಪರೀಕ್ಷಕರು ಗೋವಾದವರು, ಮೃದು ಮಾತಿನ ಮನುಷ್ಯ. ಇನ್ನೊಂದು ಅವಕಾಶವಿದೆ, ಅದೇ ಕೊನೆಯದು ಎಂದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ತೆಪ್ಪಗಿರುವುದನ್ನು ಅಭ್ಯಾಸ ಮಾಡಿದೆ. ಗಂಡನಿಗೆ ಆ ವಾರ ಹಬ್ಬ.

ಎರಡನೆಯ ಪರೀಕ್ಷೆಗೆಂದು ಒಂದು ಅಭ್ಯಾಸ ಪಂದ್ಯ ಇಟ್ಟಿದ್ದರು. ಮೈದಾನದ ರೆಫರಿಯಾಗಿ ಬಂದವರು ಯಾರು ಅಂತೀರಿ? ನಮ್ಮ ಕಾಕಾ! ಅರವತ್ತು ಹತ್ತಿರವಾದರೂ ಹುಡುಗರ ಸಮಕ್ಕೆ ಓಡುವ ಜೀವ. ನಮ್ಮಿಬ್ಬರ ಪರಿಚಯ ತಿಳಿದು ಪರೀಕ್ಷಕರು ನಕ್ಕರು. ನಿಮ್ಮ ಭಾಷೆಯಲ್ಲೇ ಮಾತಾಡಿ, ಮಾತು ಸ್ಪಷ್ಟವಿದ್ದರೆ ಸಾಕು ಎಂದರು.

ಮೊದಲರ್ಧದಲ್ಲಿ ಎಲ್ಲ ಸುಸೂತ್ರ. ಆಟ ನಿಂತಾಗೆಲ್ಲ ಕಾಕಾ ಕಿವಿಯ ಇಯರ್‌ಫೋನಿಗೆ ಬೆರಳಿಟ್ಟು ಕಾಯುವುದು, ನಾನು ದೃಶ್ಯ ನೋಡಿ "ಏನಿಲ್ರಿ ಕಾಕಾ, ನಡಸ್ರಿ" ಅನ್ನುವುದು. ನನ್ನ ತಾಳ್ಮೆಗೆ ನಾನೇ ಬೆರಗಾದೆ.

ಆಟ ಮುಗಿಯುವ ಹೊತ್ತಿಗೆ ಗೋಲಿನ ಮುಂದೆ ಗದ್ದಲವಾಯಿತು. ಒಬ್ಬ ಬಲವಾಗಿ ಒದ್ದ ಚೆಂಡು ಎದುರಿನವನ ಮೈಗೆ ಬಡಿದು ಗೆರೆಯಾಚೆ ಹೋಯಿತು. ಕಾಕಾ ಕಾರ್ನರ್ ತೋರಿಸಿದರು. ನನ್ನ ಪಕ್ಕದಲ್ಲಿ ದೃಶ್ಯ ತಿರುಗಿಸಿ ಕೊಡುವ ಮರಾಠಿ ಹೆಣ್ಣುಮಗಳು ಗೋಲಿನ ಹಿಂದಿನ ಕ್ಯಾಮೆರಾದ ಚಿತ್ರ ಹಾಕಿ, "ಹಾತ್ ಆಹೆ, ಮ್ಯಾಡಮ್" ಎಂದಳು. ಹೌದು, ಕೈಯೇ. ಆತ ತಲೆಯ ಮೇಲೆ ಎತ್ತಿದ್ದ ಕೈಗೇ ಬಡಿದಿತ್ತು. ಅನುಮಾನಕ್ಕೆ ಎಡೆಯೇ ಇರಲಿಲ್ಲ, ಅದು ಪೆನಾಲ್ಟಿ.

ಇಂಥ ಹೊತ್ತಿನಲ್ಲಿ ಹೇಳಬೇಕಾದ ಮಾತನ್ನು ನಮಗೆ ಗಿಣಿಪಾಠ ಮಾಡಿಸಿದ್ದರು. ಆಟ ನಿಲ್ಲಿಸಿ, ಇಂಥ ತಪ್ಪಾಗಿದೆ, ಬಂದು ಸ್ಕ್ರೀನ್ ನೋಡಿ, ಇಷ್ಟೇ. ನೋಡಿದ ಮೇಲೆ ಕೊನೆಯ ತೀರ್ಮಾನ ಅವರದೇ. ಬೇರೆ ಯಾರಿದ್ದರೂ ಪಟಪಟನೆ ಹೇಳಿಬಿಡುತ್ತಿದ್ದೆ. ಆದರೆ ಅಲ್ಲಿ ನಿಂತದ್ದು ಕಾಕಾ. ಅಷ್ಟು ಜನರ ಎದುರು ಅವರಿಗೆ ನಿಮ್ಮದು ತಪ್ಪು ಅನ್ನುವುದು ಹೇಗೆ? "ಕಾಕಾ, ನಿಮಗ ತ್ರಾಸ ಇಲ್ಲಂದ್ರ ಒಂದ್ಸಲ ನೋಡಿದ್ರ ಚಲೋ ಇತ್ತೇನೋರಿ" ಎಂದೆ.

"ಎದಿಗಿ ಬಡದೈತವಾ, ನಾ ನೋಡೀನಿ" ಎಂದರು ಕಾಕಾ. ಕಿವಿಯಿಂದ ಬೆರಳು ತೆಗೆದರು.

ಕಾರ್ನರ್ ಒದೆಯುವವನು ಚೆಂಡಿಟ್ಟು ಹಿಂದಕ್ಕೆ ಸರಿದ. ಅವನು ಓಡಿಬರುವುದಕ್ಕೂ ನಾನು ಎದ್ದುನಿಂತು ಕಿರುಚುವುದಕ್ಕೂ ಸರಿಹೋಯಿತು. "ಕಾಕಾ, ನಿಲ್ಲಸ್ರಿ! ಕೈಗೆ ಬಡದೈತಿ! ಪೆನಾಲ್ಟಿ ಐತಿ, ಬಂದು ನೋಡ್ರಿ!"

ಅವನು ಒದೆಯುವ ಮುಂಚೆಯೇ ಸೀಟಿ ಕೇಳಿಸಿತು. ಕಾಕಾ ಗಾಳಿಯಲ್ಲಿ ಬೆರಳಿನಿಂದ ಟೀವಿಯ ಚೌಕ ಬರೆದು, ಅಂಚಿನಲ್ಲಿದ್ದ ಸ್ಕ್ರೀನಿಗೆ ಓಡಿ ಬಂದು ನೋಡಿದರು, ಹಿಂದಿರುಗಿ ಪೆನಾಲ್ಟಿ ಕೊಟ್ಟರು. ಅಬ್ಬಾ, ಗೆದ್ದೆ ಅನ್ನಿಸಿತು ನನಗೆ.

ಪಂದ್ಯದ ನಂತರ ಪರೀಕ್ಷಕರು ನನ್ನೆದುರೇ ಕಾಕಾನನ್ನು ಕೇಳಿದರು, ಇವರ ಮಾತು ನಿಮಗೆ ಸಾಫ್ ಗೊತ್ತಾಯಿತೇ ಎಂದು ಹಿಂದಿಯಲ್ಲಿ. ಕಾಕಾ ನನ್ನ ಮುಖ ನೋಡಲಿಲ್ಲ. "ಪೆಹಲೀ ಬಾರ್ ನಹೀ. ದುಸ್ರೀ ಬಾರ್ ಆಯಾ" ಎಂದರು, ಮೊದಲ ಸಲ ತಿಳಿಯಲಿಲ್ಲ, ಎರಡನೇ ಸಲ ತಿಳಿಯಿತು ಎಂದು. ಪರೀಕ್ಷಕರು ತಲೆಯಾಡಿಸಿದರು. ಸಂಜೆ ಪಾಸಾದವರನ್ನು ಕರೆದಾಗ ನನ್ನ ಹೆಸರು ಬರಲಿಲ್ಲ.

ಈಗ ಇಬ್ಬರ ಮನೆಯೂ ಇರುವ ಚೆಂಬೂರಿಗೆ ಒಂದೇ ರಿಕ್ಷಾದಲ್ಲಿ ಹೊರಟೆವು. ಕುರ್ಲಾ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. "ತಿಳೀತು ಅಂತ ಒಂದ್ ಮಾತು ಹೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ? ನಾಕ್ ಮಂದ್ಯಾಗ ನಿಮ್ಮ ಮರ್ಯಾದಿ ಉಳೀಲಿ ಅಂತ ಅಲ್ಲೇನ್ರಿ ನಾ ಮೆತ್ತಗ ಹೇಳಿದ್ದು?"

ರಿಕ್ಷಾ ಸಿಗ್ನಲ್ಲಿನಲ್ಲಿ ನಿಂತಿತು. ಕಾಕಾನ ಕಣ್ಣು ತುಂಬಿತ್ತು. ನನಗೆ ಅವರ ಮೇಲೆ ಸಿಟ್ಟೂ ಇತ್ತು, ಅಯ್ಯೋ ಅಂತಲೂ ಅನ್ನಿಸಿತು.

"ನನ್ ಮುಂದ ಒಬ್ಬಾಂವ ಅಡ್ಡ ಬಂದಿದ್ದ. ಖರೇ ಹೇಳ್ತೀನಿ, ನನಗ ಏನೂ ಕಂಡಿದ್ದಿಲ್ಲ" ಎಂದರು. "ನೋಡೀನಿ ಅಂತ ಸುಳ್ಳ ಅಂದೆ. ಖರೇ ಕಂಡಾಕಿ ನೀ ಒಬ್ಬಾಕಿ. ನೀನೂ ನನಗ ಅಂಜಿದ್ರ, ಅಲ್ಲಿ ನನಗ ಮತ್ಯಾರಿದ್ರವಾ?"