ಧಾರವಾಡ ಲೈನಿನ ಮುಳ್ಳು

ದೆವ್ವ, ಶಕುನ, ಸೂಚನೆಗಳ ಮಾತು ಬಂದರೆ ನಾನು ಎದ್ದು ಹೋಗುವವರ ಪೈಕಿ. ಹೋಗುವ ಮೊದಲು ಹೇಳುವವರ ಬಾಯಿ ಮುಚ್ಚಿಸುವಂಥ ನಾಲ್ಕು ಪ್ರಶ್ನೆಗಳನ್ನೂ ಕೇಳಿ ಹೋಗುತ್ತಿದ್ದೆ. ನನ್ನ ಕೆಲಸವೂ ಅಂಥದ್ದೇ. ಯುದ್ಧದ ದಿನಗಳಲ್ಲಿ ನಾನು ಹುಬ್ಬಳ್ಳಿಯ ಪವರ್‌ಹೌಸಿನಲ್ಲಿ ಲೋಡಿನ ಲೆಕ್ಕ ನೋಡುತ್ತಿದ್ದೆ. ಅಲ್ಲಿಂದ ಧಾರವಾಡಕ್ಕೆ ಹೋಗುವ ಲೈನಿನಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎಂಬುದನ್ನು ಗೋಡೆಯ ಮೀಟರಿನ ಮುಳ್ಳು ತೋರಿಸುತ್ತಿತ್ತು. ಮುಳ್ಳು ಏರಿದರೂ ಇಳಿದರೂ ಕಾರಣ ಹುಡುಕಿ ರಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ ಬರೆಯಬೇಕು. ಅರಳೆ ಮಿಲ್ಲಿನ ಮೋಟಾರು ಶುರುವಾಯಿತು, ಉಣಕಲ್ಲಿನ ಹತ್ತಿರ ತಂತಿಗೆ ಟೊಂಗೆ ತಾಗಿತು, ಹೀಗೆ. ಕಾರಣವಿಲ್ಲದೆ ಮುಳ್ಳು ಅಲುಗುವುದಿಲ್ಲ ಎಂಬುದೊಂದೇ ನಾನು ನಂಬಿದ್ದ ದೇವರು.

ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಹೆಂಡತಿ ಸುಮಿತ್ರಾ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಸಂಜೆಯ ಪಾಳಿ ಮುಗಿಸಿ, ರೈಲು ಹಿಡಿದು ನಾನು ಮನೆ ಮುಟ್ಟುವಷ್ಟರಲ್ಲಿ ಓಣಿ ಮಲಗಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದು ದಿನ ಅವಳು ಕೇಳಿದಳು:

"ಅಲ್ಲೆ ಕೂತು ದಿನಾ ಏನ ನೋಡ್ತೀರಿ?"

"ನಿಮ್ಮ ಊರಿನ ದೀಪಾ. ನೀ ದೀಪಾ ಹಚ್ಚಿದ್ದೂ ಮುಳ್ಳಿನ್ಯಾಗ ಕಾಣ್ತದ."

"ಖರೇನ?"

"ಖರೇ," ಎಂದೆ.

ಶುದ್ಧ ಸುಳ್ಳು. ಉಣಕಲ್ ಕೆರೆಗೆ ಒಂದು ತಂಬಿಗೆ ನೀರು ಸುರುವಿದರೆ ಕೆರೆ ಏರಿದ್ದು ಕಾಣುತ್ತದೆಯೇ? ಇಡೀ ಊರಿನ ಲೋಡಿನಲ್ಲಿ ಒಂದು ಬಲ್ಬಿನ ಲೆಕ್ಕ ಅಷ್ಟೇ. ಆದರೆ ಅವಳು ನಂಬಿದಳು. ಮರುದಿನದಿಂದ ಸಂಜೆ ಸರಿಯಾಗಿ ಏಳೂವರೆಗೆ ನಡುಮನೆಯ ದೀಪವನ್ನು ಮೂರು ಸಲ ಆರಿಸಿ ಹಚ್ಚುವುದು ಅವಳ ನೇಮವಾಯಿತು. ನಾನು ಬಂದು ಚಪ್ಪಲಿ ಬಿಡುವ ಮೊದಲೇ "ಕಂಡ್ತೇನ್ರಿ?" ಎನ್ನುವಳು. "ಕಂಡ್ತು" ಎನ್ನುವೆ. ಆಗ ಅವಳ ಮುಖ ನೋಡಬೇಕಿತ್ತು. ನಿಜ ಹೇಳುವ ಧೈರ್ಯವೇ ಆಗುತ್ತಿರಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತ ಎರಡು ವರ್ಷ ಕಳೆದೆ.

ಆ ಮಳೆಗಾಲದಲ್ಲಿ ಅವಳಿಗೆ ವಿಷಮಶೀತಜ್ವರ ಬಂತು. ಅವಳ ತಾಯಿ ಬಂದು ನೋಡಿಕೊಳ್ಳುತ್ತಿದ್ದರು. ಒಂದು ರಾತ್ರಿ ನಾನು ಬಂದಾಗ ಹಾಸಿಗೆಯಿಂದಲೇ "ಕಂಡ್ತೇನ್ರಿ?" ಎಂದಳು. ದನಿಯೇ ಇರಲಿಲ್ಲ. ನಾನು ರೂಢಿಯಂತೆ "ಕಂಡ್ತು" ಎಂದೆ. ಅವಳು ನನ್ನನ್ನೇ ನೋಡಿದಳು, ಸಣ್ಣಗೆ ನಕ್ಕಳು, ಗೋಡೆಯ ಕಡೆಗೆ ಹೊರಳಿದಳು. ಮುಂಜಾನೆ ಅತ್ತೆ ಹೇಳಿದರು: "ನಿನ್ನೆ ಆಕಿಗೆ ಏಳಲಿಕ್ಕೇ ಆಗ್ಲಿಲ್ಲ ನೋಡ್ರಿ. ಬೆಳಕ ಕಣ್ಣಿಗೆ ಚುಚ್ಚತದ ಅಂದ್ಲು, ಸಂಜಿಯಿಂದ ದೀಪಾನ ಹಚ್ಚಿಲ್ಲ."

ಅಂದಿನಿಂದ ಅವಳಿಗೆ ಪೂರ್ತಿ ಎಚ್ಚರ ಬರಲಿಲ್ಲ. ನಾಲ್ಕನೆಯ ದಿನ ಹೋದಳು. ತಪ್ಪೊಪ್ಪಿಕೊಳ್ಳುವ ಮಾತು ನನ್ನ ಬಾಯಲ್ಲೇ ಉಳಿಯಿತು.

ಮನೆ ಬಿಟ್ಟು ಹುಬ್ಬಳ್ಳಿಯಲ್ಲೇ ಒಂದು ಖೋಲಿ ಹಿಡಿದೆ. ಬಿಡುವ ದಿನ ಆ ಮನೆಯ ಫ್ಯೂಜು ನಾನೇ ಕಿತ್ತೆ. ನಮ್ಮ ಕೆಲಸದಲ್ಲಿ ಒಂದು ಕಟ್ಟಳೆಯಿತ್ತು: ಕರೆಂಟು ಕಡಿದವನು ಫ್ಯೂಜನ್ನು ತನ್ನ ಕಿಸೆಯಲ್ಲೇ ಇಟ್ಟುಕೊಳ್ಳಬೇಕು. ಅವನು ಮರಳಿ ಹಾಕುವವರೆಗೆ ಅಲ್ಲಿ ಯಾರೂ ದೀಪ ಹಚ್ಚುವ ಹಾಗಿಲ್ಲ. ಆಮೇಲೆ ಅದನ್ನು ಆಫೀಸಿಗೆ ಒಪ್ಪಿಸಬೇಕಿತ್ತು. ನನಗೆ ಮನಸ್ಸಾಗಲಿಲ್ಲ. ಕೋಟಿನ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ.

ಎರಡು ತಿಂಗಳು ಕಳೆದಿರಬೇಕು. ಗಾಳಿಯಿಲ್ಲದ, ಮಳೆಯಿಲ್ಲದ ಒಂದು ಸಂಜೆ ನಾನು ಗ್ರಾಫ್ ಹಾಳೆಯ ಮೇಲೆ ಹಿಂದಿನ ವಾರದ ಲೋಡಿನ ಗೆರೆ ಎಳೆಯುತ್ತಿದ್ದೆ. ಕರೆಂಟು ಹುಟ್ಟಿಸುವ ಎಂಜಿನ್ ನೋಡಿಕೊಳ್ಳುವ ಖಾಜಾಸಾಬರು ಹೆಗಲು ಮುಟ್ಟಿ, "ಸಾಹೇಬ್ರ, ಧಾರವಾಡದ ಮುಳ್ಳ ನೋಡ್ರಿ, ಇಳದೈತಿ," ಎಂದರು.

ನಾನು ತಲೆಯೆತ್ತುವಷ್ಟರಲ್ಲಿ ಮುಳ್ಳು ಮೇಲೇರುತ್ತಿತ್ತು. ಮತ್ತೆ ಇಳಿಯಿತು, ಏರಿತು. ಇನ್ನೊಮ್ಮೆ ಇಳಿಯಿತು, ಏರಿತು. ಆಮೇಲೆ ಏನೂ ಆಗದ ಹಾಗೆ ನಿಂತುಬಿಟ್ಟಿತು. ಗಡಿಯಾರದಲ್ಲಿ ಏಳೂವರೆ.

ಅಷ್ಟು ಲೋಡು ಬಿದ್ದೆದ್ದರೆ ಎಂಜಿನ್ನಿನ ದನಿ ಬದಲಾಗಲೇಬೇಕು. ಬದಲಾಗಿರಲಿಲ್ಲ. ಅರ್ಧ ಊರಿನ ದೀಪಗಳು ಮಿಣುಕಬೇಕು. ಧಾರವಾಡದ ನಮ್ಮ ಆಫೀಸಿಗೆ ಫೋನು ಮಾಡಿದರೆ ಅಲ್ಲಿಯವ, "ಇಲ್ಲೇನೂ ಆಗಿಲ್ರಿ, ಎಲ್ಲಾ ಛಲೋ ಐತಿ," ಎಂದ. ನನ್ನ ಕೈ ತಾನಾಗಿಯೇ ಕಿಸೆಗೆ ಹೋಯಿತು. ಫ್ಯೂಜು ಅಲ್ಲೇ ಇತ್ತು.

ಮರುದಿನ ಮೀಟರು ಬಿಚ್ಚಿ ಪರೀಕ್ಷೆ ಮಾಡಿದೆ. ಲೈನ್‌ಮನ್ ಜೊತೆ ಉಣಕಲ್ಲು, ಸತ್ತೂರು ದಾಟಿ ಕಂಬ ಕಂಬ ನೋಡುತ್ತ ಧಾರವಾಡದವರೆಗೆ ನಡೆದೆ. ಎಲ್ಲೂ ಏನೂ ಸಿಗಲಿಲ್ಲ. ಮಾಳಮಡ್ಡಿಯ ಮನೆಗೆ ಇನ್ನೂ ಬಾಡಿಗೆಯವರು ಬಂದಿರಲಿಲ್ಲ. ಬೀಗ ಹಾಗೇ ಇತ್ತು, ಫ್ಯೂಜಿನ ಜಾಗದಲ್ಲಿ ಜೇಡ ಬಲೆ ಕಟ್ಟಿತ್ತು. ವಾರಗಟ್ಟಲೆ ಲೆಕ್ಕ ಹಾಕಿದೆ. ಕೊನೆಗೆ, ನನ್ನ ಬಾಯಿಂದಲೇ ಎಲ್ಲ ಕೇಳಿದ್ದ ಖಾಜಾಸಾಬರೇ, "ಸಾಕ ಮಾಡ್ರಿ ಸಾಹೇಬ್ರ. ಕಾರಣ ಸಿಕ್ಕರ ನಿಮಗ ಇನ್ನೂ ತ್ರಾಸ ಆಕ್ಕೈತಿ," ಎಂದರು. ಆ ದಿನದ ಕಾಲಮ್ಮನ್ನು ಖಾಲಿ ಬಿಟ್ಟೆ. ನನ್ನ ನೌಕರಿಯಲ್ಲಿ ಹಾಗೆ ಬಿಟ್ಟದ್ದು ಅದೊಂದೇ.

ಅದು ಅವಳೇ ಎಂದು ನಾನು ಹೇಳುವುದಿಲ್ಲ. ಅಲ್ಲ ಎನ್ನುವ ಲೆಕ್ಕವೂ ನನ್ನ ಹತ್ತಿರ ಇಲ್ಲ. ಆಮೇಲೆ ಎಷ್ಟೋ ಸಂಜೆ ಏಳೂವರೆಗೆ ಆ ಮುಳ್ಳಿನ ಮುಂದೆ ಆಸೆಯಿಂದ ಕೂತೆ. ಅದು ಮತ್ತೆ ಹಾಗೆ ಅಲುಗಲಿಲ್ಲ.

ಮುಳ್ಳು ಅಲುಗಿದ ಆ ರಾತ್ರಿ ಪಾಳಿ ಮುಗಿಸಿ ಖೋಲಿಗೆ ಬಂದು ಚಪ್ಪಲಿ ಬಿಟ್ಟವನು, ದೀಪ ಹಚ್ಚದೆ ಬಾಗಿಲಲ್ಲೇ ನಿಂತು "ಕಂಡ್ತು" ಎಂದೆ. ಆ ಮಾತು ನನ್ನ ಬಾಯಲ್ಲಿ ಖರೇ ಆದದ್ದು ಅದೇ ಮೊದಲ ಸಲ. "ಕಂಡ್ತೇನ್ರಿ?" ಎನ್ನುವವಳು ಮಾತ್ರ ಇರಲಿಲ್ಲ.