ಸೇಮ್ ಟು ಸೇಮ್ ಹಾಡಿದ ವರ್ಷಗಳು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿದೆ. ಒಂದು ದಿನವೂ ಯಾರೂ ನನ್ನ ಹೆಸರನ್ನು ಮೈಕಿನಲ್ಲಿ ಕೂಗಲಿಲ್ಲ. ದೊಡ್ಡ ಗಾಯಕರೊಬ್ಬರ ಹೆಸರಿಗೆ ‘ಜೂನಿಯರ್’ ಸೇರಿಸಿ ಕರೆಯುತ್ತಿದ್ದರು, ನಾನು ಹಲ್ಲು ಕಿರಿದುಕೊಂಡು ವೇದಿಕೆ ಹತ್ತುತ್ತಿದ್ದೆ. ಹಾಡು ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು, “ಸೇಮ್ ಟು ಸೇಮ್ ಕ್ಯಾಸೆಟ್ಟೇ ಕಣಣ್ಣ” ಅಂದುಬಿಟ್ಟರೆ ಎರಡು ದಿನ ನನಗೆ ಕೊಂಬು ಬಂದಿರುತ್ತಿತ್ತು.

ಆರ್ಕೆಸ್ಟ್ರಾದ ಧರ್ಮವೇ ಅದು. ಗಾಯಕರು ಎಲ್ಲಿ ಉಸಿರೆಳೆದರೋ ನಾವೂ ಅಲ್ಲೇ ಎಳೆಯಬೇಕು. ರೆಕಾರ್ಡಿಂಗ್ ದಿನ ಅವರಿಗೆ ನೆಗಡಿಯಾಗಿದ್ದರೆ ನಮಗೂ ಆಗಬೇಕು. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ವಾದ್ಯದ ತುಣುಕಿಗೆ ನಾವು ‘ಬಿಟ್ಟು’ ಅನ್ನುತ್ತಿದ್ದೆವು. ಅದರಲ್ಲಿ ಒಂದು ಸ್ವರ ಆಚೀಚೆಯಾದರೆ ನಾನು ಅಲ್ಲೇ ತಿರುಗಿ ಕಣ್ಣು ಬಿಡುತ್ತಿದ್ದೆ. ತಂಡದಲ್ಲಿ ನನಗೆ ಎಲ್ಲರೂ ಹೆದರುತ್ತಿದ್ದರು, ಒಬ್ಬನನ್ನು ಬಿಟ್ಟು.

ಅವನು ನಮ್ಮ ಕೀಬೋರ್ಡಿನವನು. ಮದ್ದೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ, ಸಂಜೆಯಾದರೆ ಅಂಗಡಿ ಬಾಗಿಲೆಳೆದು ನಮ್ಮ ಜೊತೆ ಬರುತ್ತಿದ್ದ. ಮುಸ್ಲಿಮರ ಮನೆಯವನು. ಅವನ ಅಪ್ಪ ದರ್ಗಾಗಳ ಉರುಸುಗಳಲ್ಲಿ ಕವ್ವಾಲಿಯವರಿಗೆ ಬ್ಯಾಂಜೋ ನುಡಿಸುತ್ತಿದ್ದರು. ಟೈಪ್‌ರೈಟರಿನ ಹಾಗೆ ಸಾಲು ಗುಂಡಿಗಳಿರುವ, ಒಂದು ಕೈಯಲ್ಲಿ ಗುಂಡಿ ಒತ್ತಿ ಇನ್ನೊಂದರಲ್ಲಿ ತಂತಿ ಮೀಟುವ ವಾದ್ಯ ಅದು. ಅಪ್ಪನ ಬ್ಯಾಂಜೋವನ್ನು ಇವನು ಎಲ್ಲಿಗೆ ಹೋದರೂ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ. ಊಟದ ಹೊತ್ತಿನಲ್ಲಿ, ವ್ಯಾನಿನಲ್ಲಿ, ಸುಮ್ಮನೆ ಟಿಂಟಿಣಿಸುತ್ತಿದ್ದ. ವೇದಿಕೆಯ ಮೇಲೆ ಅದಕ್ಕೆ ಜಾಗವಿರಲಿಲ್ಲ. ಯಾವ ಹಾಡಿನ ಕ್ಯಾಸೆಟ್ಟಿನಲ್ಲೂ ಬ್ಯಾಂಜೋ ಇಲ್ಲವಲ್ಲ.

ಬೆಸಗರಹಳ್ಳಿಯಲ್ಲಿ ಒಂದು ರಾಜ್ಯೋತ್ಸವ. ಇನ್ನೂ ಹೊತ್ತು ಮುಳುಗಿರಲಿಲ್ಲ. ಮೂರನೇ ಹಾಡಿನ ಹೊತ್ತಿಗೆ ಕರೆಂಟು ಏರಿಳಿದು ಕೀಬೋರ್ಡೊಂದೇ ಸುಮ್ಮನಾಯಿತು. ನಾನು ಪಲ್ಲವಿ ಹಾಡುತ್ತಲೇ ಇದ್ದೆ. ಬಿಟ್ಟಿನ ಜಾಗ ಬರುವಷ್ಟರಲ್ಲಿ ಅವನು ವೇದಿಕೆಯ ನೆಲದ ಮೇಲೆ ಕೂತು, ಬ್ಯಾಂಜೋ ತೊಡೆಯ ಮೇಲಿಟ್ಟುಕೊಂಡು ಮೈಕು ಎಳೆದುಕೊಂಡಿದ್ದ. ಮೊದಲು ಅದೇ ಬಿಟ್ಟನ್ನೇ ನುಡಿಸಿದ. ಆಮೇಲೆ ಅದು ಉರುಸಿನ ಕಡೆಗೆ ಹೊರಳಿತು. ರಿದಂ ಪ್ಯಾಡಿನವನು ಕ್ಯಾಸೆಟ್ಟಿನ ತಾಳ ಬಿಟ್ಟು ತಮಟೆಯ ಏಟು ಹಾಕಿದ. ಮುಗಿಯಬೇಕಾದ ಬಿಟ್ಟು ಮುಗಿಯಲಿಲ್ಲ. ಚರಣ ಎಲ್ಲಿ ಎತ್ತಿಕೊಳ್ಳಬೇಕೆಂದು ತಿಳಿಯದೆ ನಾನು ಮೈಕು ಹಿಡಿದು ಪೆದ್ದನ ಹಾಗೆ ನಿಂತಿದ್ದೆ. ಜಗಲಿಯ ಮೇಲೆ ಮಾತಾಡುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಮುದುಕರೊಬ್ಬರು ತಲೆ ತೂಗುತ್ತಿದ್ದರು. ನನ್ನ ಹಾಡಿಗೆ ಯಾರೂ ಹಾಗೆ ತಲೆ ತೂಗಿದ್ದಿಲ್ಲ.

ನಾನು ಮೈಕಿನಲ್ಲೇ ಅಂದೆ, “ಲೇ, ಇದೇನ್ ನಿಮ್ ಉರುಸ್ ಅನ್ಕಂಡಿದ್ದೀಯಾ? ಅದ್ನ ಅಲ್ಲೋಗಿ ಬಾರಿಸ್ಕೊ. ಇಲ್ಲಿ ಕ್ಯಾಸೆಟ್ನಲ್ಲಿರೋದ್ ಬಾರ್ಸು.”

ಕಂಬಗಳಿಗೆ ಕಟ್ಟಿದ್ದ ಹಾರನ್ನುಗಳಲ್ಲಿ ಆ ಮಾತು ಊರಿಗೆಲ್ಲ ಕೇಳಿತು. ಒಂದಷ್ಟು ಜನ ನಕ್ಕರು. ಅವನು ತಲೆ ತಗ್ಗಿಸಿ ಉಳಿದ ಹಾಡನ್ನು ಬ್ಯಾಂಜೋದಲ್ಲೇ, ಕ್ಯಾಸೆಟ್ಟಿನಲ್ಲಿ ಹೇಗಿತ್ತೋ ಹಾಗೆ, ಒಂದು ಸ್ವರ ತಪ್ಪದೆ ನುಡಿಸಿ ಮುಗಿಸಿದ. ಮುಂದಿನ ಕಾರ್ಯಕ್ರಮಕ್ಕೆ ಬರಲಿಲ್ಲ. ಅವನೆಲ್ಲಿ ಎಂದು ಬೇರೆ ಊರುಗಳಲ್ಲಿ ಕೇಳಿದವರಿಗೆ, ಜನ ಗಲಾಟೆ ಮಾಡಿದರು, ನಾನು ಅವನನ್ನು ತಡೆದು ಕಾರ್ಯಕ್ರಮ ಉಳಿಸಿದೆ ಎಂದು ಹೇಳಿದೆ. ವರ್ಷಗಟ್ಟಲೆ ಹಾಗೆಯೇ ಹೇಳಿಕೊಂಡು ಬಂದೆ.

ಆಮೇಲೆ ಆರ್ಕೆಸ್ಟ್ರಾಗಳೇ ಮುಳುಗಿದವು. ಡಿಜೆ ಬಂತು, ಕರೋಕೆ ಟ್ರ್ಯಾಕು ಬಂತು. ಈಗ ಮದುಮಗನ ಚಿಕ್ಕಪ್ಪ ಮೊಬೈಲು ನೋಡಿಕೊಂಡು ಹಾಡುತ್ತಾನೆ, ಅದಕ್ಕೂ ಚಪ್ಪಾಳೆ ಬೀಳುತ್ತದೆ. ನಾನು ಮಳವಳ್ಳಿಯಲ್ಲಿ ಸೌಂಡ್ ಸಿಸ್ಟಮ್ ಅಂಗಡಿ ಇಟ್ಟುಕೊಂಡು ಅದೇ ಚಿಕ್ಕಪ್ಪಂದಿರಿಗೆ ಮೈಕು ಬಾಡಿಗೆ ಕೊಡುತ್ತಿದ್ದೇನೆ.

ಹೋದ ವರ್ಷ ಕೊಪ್ಪದಿಂದ ಬಂದ ಗಿರಾಕಿಗೆ ಹೊಸ ಸ್ಪೀಕರು ತೋರಿಸಲು ಲೋಕಕ್ಕೆಲ್ಲ ಗೊತ್ತಿರುವ ಒಂದು ಹಳೇ ಇಂಗ್ಲಿಷ್ ಹಾಡು ಹಾಕಿದೆ. ಅದು ಮುಗಿಯುತ್ತಲೇ ಮೊಬೈಲು ತಾನಾಗಿ ಮುಂದಿನ ವಿಡಿಯೋಗೆ ಹೋಯಿತು. ಅದೇ ಹಾಡು, ಆದರೆ ಗುರುತು ಹಿಡಿಯಲು ನನಗೆ ಅರ್ಧ ಹಾಡು ಬೇಕಾಯಿತು. ಅಕಾರ್ಡಿಯನ್ ಇತ್ತು. ಕೈಯಲ್ಲಿ ಬಾರಿಸುವ ಆಫ್ರಿಕಾದ ಚರ್ಮವಾದ್ಯವಿತ್ತು. ನಡುವೆ ಒಬ್ಬ ಅರಬ್ಬಿಯವರ ತಂತಿವಾದ್ಯ ಹಿಡಿದು ತನಗೆ ಬೇಕಾದಷ್ಟು ಹೊತ್ತು ಅಲೆದಾಡಿದ. ಹಾಡುವವಳು ಕಣ್ಣು ಮುಚ್ಚಿಕೊಂಡು ಅವನಿಗಾಗಿ ಕಾದಳು. ಅವನು ಮುಗಿಸಿದ ಮೇಲೆ ನಕ್ಕು, ಚರಣ ಎತ್ತಿಕೊಂಡಳು.

“ಅಣ್ಣ, ಇದ್ ಬ್ಯಾಡ, ಬೇಸ್ ಇರೋದ್ ಆಕು” ಅಂದ ಗಿರಾಕಿ. ಹಾಕಿದೆ.

ಅವನು ಹೋದ ಮೇಲೆ ಮತ್ತೆ ಅದನ್ನೇ ಹುಡುಕಿದೆ. ಫ್ರಾನ್ಸಿನ ತಂಡ. ಹೆಸರು ಓದಲು ಬರಲಿಲ್ಲ. ಫ್ರೆಂಚಿನವರು ಬರೆಯುವುದೊಂದು, ನುಡಿಯುವುದೊಂದು. ಅದರ ಹಿಂದೆಯೇ ಅಂಥವೇ ಇನ್ನೆರಡು ತಂಡಗಳು ಸಿಕ್ಕವು. ಬೇರೆಯವರ ಹಾಡನ್ನು ತಮ್ಮ ಮನೆಗೆ ಕರೆದು, ತಮ್ಮ ಊಟ ಹಾಕಿ ಕಳಿಸುವವರು. ಕವರ್ ಸಾಂಗ್ ಅಂತ ಅದಕ್ಕೆ ಹೆಸರು. ನಾನು ಇಪ್ಪತ್ತು ವರ್ಷ ಮಾಡಿದ್ದಕ್ಕೂ ಅದೇ ಹೆಸರಂತೆ. ಕೇಳುತ್ತಾ ಕೇಳುತ್ತಾ ನನಗೆ ಸಂತೋಷವಾಗಲಿಲ್ಲ, ಹೊಟ್ಟೆ ಉರಿಯಿತು. ಇದೇ ಸಂಗತಿ ಬೆಸಗರಹಳ್ಳಿಯಲ್ಲಿ ನನ್ನ ಬೆನ್ನ ಹಿಂದೆ ನಡೆದಿತ್ತು. ಫ್ರಾನ್ಸಿನವರು ಮಾಡಿದರೆ ಬಾಯಿ ಬಿಟ್ಟುಕೊಂಡು ಕೇಳುವವನು, ಮದ್ದೂರಿನವನು ಮಾಡಿದಾಗ ಉರುಸಿಗೆ ಹೋಗು ಅಂದಿದ್ದೆ.

ಒಂದು ಬುಧವಾರ ಮದ್ದೂರಿಗೆ ಹೋದೆ. ಅವನು ತಂಡ ಬಿಟ್ಟ ಮೇಲಿನ ಹದಿನಾಲ್ಕು ವರ್ಷದಲ್ಲಿ ಅವನ ಅಂಗಡಿಯ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ, ಮುಖ ಬೇರೆ ಕಡೆ ತಿರುಗಿಸಿಕೊಂಡು. ನಿಜ ಹೇಳಬೇಕೆಂದರೆ ಕ್ಷಮೆ ಕೇಳುವ ಧೈರ್ಯ ನನಗಿರಲಿಲ್ಲ. ಹಾಡು ಕೇಳಿಸಿದರೆ ಅವನಿಗೇ ಅರ್ಥವಾಗುತ್ತದೆ, ಮತ್ತೆ ಬ್ಯಾಂಜೋ ಹಿಡಿಯುತ್ತಾನೆ, ಅಲ್ಲಿಗೆ ನನ್ನ ಭಾರ ಇಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಅವನು ಬಿಚ್ಚಿದ ಮೋಟಾರಿನ ಮುಂದೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ, “ಬನ್ನಿ, ಕೂತ್ಕಳಿ. ಮೋಟಾರ್ ಸುಟ್ಟೋಗೈತಾ?” ಅಂದ. ನಾವು ಒಂದೇ ತಟ್ಟೆಯಲ್ಲಿ ಉಂಡವರು. ಆ ‘ಬನ್ನಿ’ಗಿಂತ ಅವನು ಬೈದಿದ್ದರೆ ವಾಸಿಯಿತ್ತು.

“ಇದ್ನ ಕೇಳು” ಎಂದು ಮೊಬೈಲು ಅವನ ಮುಂದಿಟ್ಟೆ. ಸುತ್ತುತ್ತಿದ್ದ ಕೈ ನಿಲ್ಲಿಸಿ, ಹಾಡು ಮುಗಿಯುವವರೆಗೂ ಕೇಳಿದ. “ಚೆನ್ನಾಗೈತೆ” ಅಂದ.

“ನೀನು ಅವತ್ತು ಮಾಡಿದ್ದೂ ಇದ್ನೇ. ಅದ್ಕೇ ಬಂದೆ. ಮತ್ತೆ ಬಾರಿಸ್ಬೇಕು ನೀನು.”

“ಬಾರಿಸೋದ್ನ ಯಾವತ್ ಬುಟ್ಟಿದ್ದೆ?” ಅಂದ ಅವನು. “ವರ್ಸಾವರ್ಸಾನೂ ಉರುಸ್‌ಗೆ ಓಯ್ತೀನಿ. ಮನೇಲೂ ಬಾರಿಸ್ತೀನಿ. ನಿಮ್ ಸ್ಟೇಜ್ ಅತ್ತಲಿಲ್ಲ ಅಷ್ಟೇಯ. ಎಲ್ ಬಾರಿಸ್ಬೇಕು ಅಂತ ನೀವೇ ಯೇಳಿದ್ರಲ್ಲ.”

ಇಷ್ಟು ವರ್ಷ ಅವನು ವಾದ್ಯ ಮೂಲೆಗಿಟ್ಟು ಕೊರಗುತ್ತಿದ್ದಾನೆ ಎಂದುಕೊಂಡಿದ್ದೆ. ಅದರಲ್ಲೂ ಒಂದು ಜಂಬವಿತ್ತು ಎಂದು ಆಗ ತಿಳಿಯಿತು. ಆದರೂ ಬಾಯಿಪಾಠವಾಗಿದ್ದ ಸುಳ್ಳನ್ನೇ ಮತ್ತೆ ಆಡಿದೆ. “ಜನ ಗಲಾಟೆ ಮಾಡ್ತಿದ್ರಲ್ಲ, ಅದ್ಕೇ ಅಂಗಂದೆ.”

ಅವನು ತಂತಿ ಕೆಳಗಿಟ್ಟ. “ಜನ ಏನೂ ಮಾಡ್ಲಿಲ್ಲ ಕಣ್ಲಾ” ಅಂದ. ದನಿ ಏರಿಸಲಿಲ್ಲ. “ನಾನು ಕೆಳ್ಗೆ ಕೂತಿದ್ದೆ, ನಿನ್ ಕಾಲು ನನ್ ಕಣ್ಮುಂದೇನೇ ಇತ್ತು. ತಾಳ ಆಕ್ತಿತ್ತು ಅದು. ನಿಂಗೆ ಇಡಿಸ್ದೆ ಬೈದಿದ್ರೆ ಅವತ್ತೇ ಮರ್ತ್ಬುಡ್ತಿದ್ದೆ. ಇಡಿಸ್ತು, ಅದ್ಕೇ ನೀನ್ ಬೈದೆ.”

ಇಲ್ಲ ಅನ್ನಲು ನೋಡಿದೆ. ನನಗೂ ನೆನಪಿತ್ತು. ಗಿರಾಕಿಯೊಬ್ಬ ಪಂಪ್‌ಸೆಟ್ಟು ಹೊತ್ತುಕೊಂಡು ಬಂದ, ಅವನು ಎದ್ದು ಆ ಕಡೆ ಹೋದ. ತಪ್ಪಾಯಿತು ಎಂಬ ಒಂದು ಮಾತನ್ನು ಅವನು ತಿರುಗಿ ಬಂದ ಮೇಲೆ ಹೇಳೋಣ ಎಂದುಕೊಂಡೆ. ಅವನು ತಿರುಗಿ ಬರುವ ಮೊದಲೇ ಎದ್ದು ಮಳವಳ್ಳಿ ಬಸ್ಸು ಹತ್ತಿದೆ.